ಬೋರ್ಡಿನಲ್ಲಿದ್ದ ‘ಲಿಮಿಟೆಡ್’: ರಟ್ಟಿನ ಪೆಟ್ಟಿಗೆಯ ಒಂದು ಬಾಕಿ

2023ರ ಆಗಸ್ಟ್. ತುಳುವರ ಆಟಿ ತಿಂಗಳು ಮುಗಿದು ಸೋಣ ಹಿಡಿದ ವಾರ. ಉಡುಪಿಯ ಕಲ್ಸಂಕದ ಹತ್ತಿರದ ನನ್ನ ಕಚೇರಿಯ ಬಾಗಿಲು ತೆಗೆಯುವ ಮೊದಲೇ ರಟ್ಟಿನ ಪೆಟ್ಟಿಗೆ ಮಾಡುವ ಅಕ್ಕ ಮೆಟ್ಟಿಲ ಮೇಲೆ ಕೊಡೆ ಮಡಚಿಕೊಂಡು ನಿಂತಿದ್ದರು. ಕೈಯಲ್ಲಿ ಹಿಂದಿನ ದಿನದ ಪತ್ರಿಕೆ. ಒಳಪುಟದಲ್ಲಿ ಬ್ಯಾಂಕೊಂದರ ‘ಸ್ವಾಧೀನ ಸೂಚನೆ’. ಕಾರ್ಕಳ ತಾಲೂಕಿನ ಒಂದು ಗೇರುಬೀಜ ಕಾರ್ಖಾನೆಯ ಜಾಗವನ್ನೂ ಕಟ್ಟಡವನ್ನೂ, ಸಾಲ ಕಟ್ಟದವರ ಅಡವಿನ ಆಸ್ತಿ ಹಿಡಿಯಲು ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ವಶಕ್ಕೆ ತೆಗೆದುಕೊಂಡಿದೆ, ಸಾರ್ವಜನಿಕರು ಆ ಆಸ್ತಿಯ ವ್ಯವಹಾರ ಮಾಡಬಾರದು ಎಂಬ ಮಾಮೂಲಿ ಒಕ್ಕಣೆ.

“ಇವರು ನನಗೆ 11 ಲಕ್ಷದ 40 ಸಾವಿರ ಕೊಡ್ಲಿಕ್ಕುಂಟು ಸರ್,” ಎಂದರು.

ಅಕ್ಕನ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ. ಮೊತ್ತಗಳನ್ನು ಸ್ವಲ್ಪ ಸುತ್ತುಸಂಖ್ಯೆಗೆ ತಂದಿದ್ದೇನೆ. ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ, ಖಾಸಗಿ ಕಂಪನಿಗಳು ತಮ್ಮ ಲೆಕ್ಕವನ್ನು ಊರಿಗೆ ತೋರಿಸಬೇಕೇ ಎಂಬ ಚರ್ಚೆಯನ್ನು ನಾವು ಯಾವಾಗಲೂ ದೊಡ್ಡ ದೊಡ್ಡ ಹೆಸರುಗಳನ್ನು ಹಿಡಿದುಕೊಂಡು ಮಾಡುತ್ತೇವೆ. ಪೆಟ್ಟಿಗೆ ಮಾಡುವವರ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ.

ಪೆಟ್ಟಿಗೆ ಹೋದದ್ದು, ಹಣ ನಿಂತದ್ದು

ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅಕ್ಕನದ್ದು ರಟ್ಟಿನ ಪೆಟ್ಟಿಗೆಯ ಸಣ್ಣ ಘಟಕ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದಾರೆ. ಕೆಲಸಕ್ಕೆ ಒಂಬತ್ತು ಜನ. 2021ರಲ್ಲೇ ಸಣ್ಣ ಉದ್ದಿಮೆಯೆಂದು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರು. ಅವರ ಜಿಎಸ್‌ಟಿ ರಿಟರ್ನ್ ಮಾಡುವವನು ನಾನು.

ಗೇರುಬೀಜದ ತಿರುಳನ್ನು ಹಿಂದೆ ತಗಡಿನ ಡಬ್ಬದಲ್ಲಿ ಕಳಿಸುತ್ತಿದ್ದರು. ಈಗ ಗಾಳಿ ತೆಗೆದ ಚೀಲ; 25 ಪೌಂಡಿನ, ಅಂದರೆ 11.34 ಕಿಲೋದ ಎರಡು ಚೀಲ ಸೇರಿದರೆ ಒಂದು ರಟ್ಟಿನ ಪೆಟ್ಟಿಗೆ. ಕಾರ್ಖಾನೆಗೆ ತಿಂಗಳಿಗೆ ಎರಡೂವರೆ ಸಾವಿರ ಪೆಟ್ಟಿಗೆ ಬೇಕಿತ್ತು, ಒಂದಕ್ಕೆ 60 ರೂಪಾಯಿ. ಮೇಲೆ ಆಗಿನ 18 ಶೇಕಡಾ ಜಿಎಸ್‌ಟಿ. ತಿಂಗಳಿಗೆ ಒಂದು ಮುಕ್ಕಾಲು ಲಕ್ಷದ ಬಿಲ್ಲು. ಪೆಟ್ಟಿಗೆ ಇಲ್ಲದೆ ಲೋಡು ಹೊರಡುವುದಿಲ್ಲ ಎಂಬುದು ನಿಜವಾದರೂ, ಹಣ ಕೊಡುವ ಸರದಿ ಬಂದಾಗ ಪೆಟ್ಟಿಗೆಯವರು ಯಾವಾಗಲೂ ಕಡೇ ಪಂಕ್ತಿ. ಕಚ್ಚಾ ಬೀಜದವರಿಗೆ ಕೊಡದಿದ್ದರೆ ಹಡಗಿನ ಮಾಲು ಬಿಡುಗಡೆಯಾಗುವುದಿಲ್ಲ, ಕರೆಂಟಿನವರಿಗೆ ಕೊಡದಿದ್ದರೆ ಫ್ಯೂಸು ಕೀಳುತ್ತಾರೆ. ಪೆಟ್ಟಿಗೆಯವರು ಹೆಚ್ಚೆಂದರೆ ಫೋನು ಮಾಡುತ್ತಾರೆ.

2022ರ ಜೂನ್‌ನಲ್ಲಿ ಸರಬರಾಜು ಶುರು, ಮೂವತ್ತು ದಿನದ ಉದ್ದರಿ. ಅಕ್ಟೋಬರ್‌ವರೆಗೆ ಹಣ ಸರಿಯಾಗಿ ಬಂತು. ನವೆಂಬರಿನಿಂದ “ಸ್ವಲ್ಪ ತಡ ಆಗ್ತದೆ ಅಕ್ಕ” ಎಂಬ ಮಾತು. ಆಮೇಲೆ ನಲ್ವತ್ತು ಸಾವಿರ, ಅರವತ್ತು ಸಾವಿರ ಹೀಗೆ ತುಂಡು ತುಂಡಾಗಿ. ಹೀಗೆ ಬರುವ ತುಂಡು ಹಣ ಬಾರದೇ ಇರುವುದಕ್ಕಿಂತ ಕೆಟ್ಟದ್ದು. ಅದು ಆಸೆ ಉಳಿಸಿ ಇನ್ನೊಂದು ಲೋಡು ಹಾಕಿಸುತ್ತದೆ. ಜುಲೈ ಹೊತ್ತಿಗೆ ಬಾಕಿ 11.40 ಲಕ್ಷ. ಅದರಲ್ಲಿ ಹೆಚ್ಚುಕಡಿಮೆ 1.74 ಲಕ್ಷ ಜಿಎಸ್‌ಟಿ. ಗಿರಾಕಿ ಕೊಟ್ಟರೂ ಕೊಡದಿದ್ದರೂ ಬಿಲ್ಲು ಹರಿದ ಮೇಲೆ ತೆರಿಗೆ ಕಟ್ಟಲೇಬೇಕು. ಅಕ್ಕ ಕೈಯಿಂದ ಕಟ್ಟಿದ್ದರು. ರಿಟರ್ನ್ ಹಾಕಿದ್ದು ನಾನೇ.

ಯಾವ ಧೈರ್ಯದ ಮೇಲೆ ಉದ್ದರಿ ಕೊಟ್ಟಿರಿ ಎಂದು ಕೇಳಿದೆ. ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದರು. “ಎಂತ ಸರ್, ಅಷ್ಟು ದೊಡ್ಡ ಗೇಟು, ಗ್ರಾನೈಟಿನಲ್ಲಿ ‘ಪ್ರೈವೇಟ್ ಲಿಮಿಟೆಡ್’ ಅಂತ ಕೆತ್ತಿದ್ದಾರೆ. ಧಣಿಗಳ ಹೆಸರು ಬ್ರಹ್ಮಕಲಶೋತ್ಸವದ ಆಮಂತ್ರಣದಲ್ಲಿ ಮೊದಲ ಪುಟದಲ್ಲೇ ಇತ್ತು. ಮತ್ತೆ ಎಂತ ನೋಡ್ಲಿಕ್ಕುಂಟು?”

ನಗುವ ಮಾತಲ್ಲ ಇದು. ನಮ್ಮ ಜಿಲ್ಲೆಯಲ್ಲಿ ವ್ಯಾಪಾರದ ನಂಬಿಕೆ ನಿಂತದ್ದೇ ಹಾಗೆ, ಮುಖ ನೋಡಿ ಮಣೆ ಹಾಕುವುದರ ಮೇಲೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ ಹುಟ್ಟಿದಾಗ ಮನೆಮನೆಗೆ ಬಂದು ಚಿಲ್ಲರೆ ಕಾಸು ಒಯ್ಯುತ್ತಿದ್ದ ಏಜೆಂಟನನ್ನು ಜನ ನಂಬಿದ್ದು ಬ್ಯಾಂಕಿನ ಜಮಾಖರ್ಚು ಓದಿ ಅಲ್ಲ. ಆ ನಂಬಿಕೆಯ ಮೇಲೆ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂದು ಐದು ಬ್ಯಾಂಕು ಕಟ್ಟಿದ ಕರಾವಳಿ ಇದು.

ತೊಂದರೆ ಇರುವುದು ಆ ಗ್ರಾನೈಟಿನ ಶಬ್ದದಲ್ಲಿ. ‘ಲಿಮಿಟೆಡ್’ ಎಂದರೆ ನಮ್ಮಲ್ಲಿ ಒಂದು ಅಂತಸ್ತು. ಅಂಗಡಿ ಬೆಳೆದು ಕಂಪನಿಯಾಯಿತು, ಮಗಳ ಮದುವೆಯ ಮಾತುಕತೆಯಲ್ಲೂ ತೂಕ ಬಂತು ಎಂದು ಅರ್ಥ. ಕಾನೂನು ಆ ಶಬ್ದವನ್ನು ಹೆಸರಿನ ಬಾಲಕ್ಕೆ ಕಟ್ಟಿಸಿದ್ದು ಮಾತ್ರ ಎಚ್ಚರಿಕೆಯಾಗಿ: ಇವರ ಹೊಣೆಗೆ ಮಿತಿ ಇದೆ, ಕಂಪನಿ ಮುಳುಗಿದರೆ ಷೇರುದಾರರ ಮನೆಬಾಗಿಲಿಗೆ ಬರುವ ಹಾಗಿಲ್ಲ, ನೋಡಿಕೊಂಡು ಸಾಲ ಕೊಡಿ ಎಂದು. ‘ಬಾವಿ ಆಳ ಉಂಟು’ ಎಂದು ಬರೆದ ಹಲಗೆಯನ್ನು ನಾವು ದೇವಸ್ಥಾನದ ದಾನಿಗಳ ಫಲಕದಂತೆ ಓದುತ್ತಾ ಬಂದಿದ್ದೇವೆ.

ನೂರು ರೂಪಾಯಿಗೆ ಕಂಡದ್ದು

ಆವತ್ತು ಮಧ್ಯಾಹ್ನ ಅಕ್ಕ ಹೋದ ಮೇಲೆ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣ ತೆರೆದೆ. ಖಾಸಗಿ ಕಂಪನಿಯ ಲೆಕ್ಕ ಖಾಸಗಿ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗೇನಿಲ್ಲ. 2013ರ ಕಂಪನಿ ಕಾಯ್ದೆಯ 137ನೇ ಕಲಮಿನ ಪ್ರಕಾರ ಪ್ರೈವೇಟ್ ಲಿಮಿಟೆಡ್ ಕಂಪನಿಯೂ ವಾರ್ಷಿಕ ಸಭೆ ಆದ 30 ದಿನದೊಳಗೆ ಆಸ್ತಿ-ಹೊಣೆ ಪಟ್ಟಿ, ಲಾಭ-ನಷ್ಟದ ಲೆಕ್ಕ, ಲೆಕ್ಕಪರಿಶೋಧಕರ ವರದಿ ಎಲ್ಲವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ನಮಗೆ ರಿಜಿಸ್ಟ್ರಾರ್ ಎಂದರೆ ಬೆಂಗಳೂರು, ಕೋರಮಂಗಲದ ಕೇಂದ್ರೀಯ ಸದನ. ಆದರೆ ಈಗ ಅಲ್ಲಿಗೆ ಹೋಗಬೇಕಾಗಿಲ್ಲ. 399ನೇ ಕಲಮು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು ಎನ್ನುತ್ತದೆ. ಶುಲ್ಕ 100 ರೂಪಾಯಿ. ಕಡತ ತೆರೆದ ಮೇಲೆ ಮೂರು ಗಂಟೆ ಕಾಲ ಓದಬಹುದು, ಇಳಿಸಿಕೊಳ್ಳಬಹುದು.

ಇಳಿಸಿಕೊಂಡು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದೆ. ಒಂದು ಪಕ್ಕ ಕಡತಗಳು, ಇನ್ನೊಂದು ಪಕ್ಕ ಅಕ್ಕನ ಬಿಲ್ಲುಗಳು.

ಮೊದಲ ಲೋಡು ಹೋದ 2022ರ ಜೂನ್‌ನಲ್ಲಿ ಲಭ್ಯವಿದ್ದದ್ದು 2020-21ರ ಲೆಕ್ಕ. ಅದರಲ್ಲಿ ಮಾರಾಟ ಹಿಂದಿನ ವರ್ಷದಷ್ಟೇ. ಸರಬರಾಜುದಾರರಿಗೆ ಕೊಡಬೇಕಾದದ್ದು ಮಾತ್ರ 1.1 ಕೋಟಿಯಿಂದ 2.6 ಕೋಟಿಗೆ ಏರಿತ್ತು. ವ್ಯಾಪಾರ ಇದ್ದಲ್ಲೇ ಇದ್ದು ಉದ್ದರಿ ಎರಡು ಪಟ್ಟು ಮೀರಿತು ಎಂದರೆ ಆ ಮನೆಯಲ್ಲಿ ಅಡುಗೆ ನಡೆಯುತ್ತಿರುವುದು ಪಕ್ಕದ ಮನೆಯ ಅಕ್ಕಿಯಲ್ಲಿ. ಇದನ್ನು ತಿಳಿಯಲು ಸಿಎ ಓದಬೇಕಾಗಿಲ್ಲ.

ನವೆಂಬರಿನಲ್ಲಿ, ಅಂದರೆ ಅಕ್ಕನಿಗೆ ಹಣ ತಡವಾಗತೊಡಗಿದ ತಿಂಗಳಲ್ಲೇ, ಕಂಪನಿ ತನ್ನ ಯಂತ್ರಗಳ ಮೇಲೆ ಒಂದು ಫೈನಾನ್ಸ್ ಕಂಪನಿಯಿಂದ ಸಾಲ ಎತ್ತಿತ್ತು. ಬ್ಯಾಂಕಿನ ಅಡವು ಮೊದಲೇ ಇತ್ತು, ಇದು ಎರಡನೆಯದು. ಆಸ್ತಿಯ ಮೇಲೆ ಹೊರೆ, ಅಂದರೆ ಸಾಲದ ಅಡವು, ಹಾಕಿದರೆ 30 ದಿನದೊಳಗೆ ನೋಂದಾಯಿಸಬೇಕೆಂಬ ನಿಯಮವಿರುವುದರಿಂದ ಈ ಸುದ್ದಿ ಬೇಗನೆ ಜಾಲತಾಣಕ್ಕೆ ಬರುತ್ತದೆ. ಹೊರೆಗಳ ಪಟ್ಟಿ ನೋಡುವುದಕ್ಕೆ ನೂರು ರೂಪಾಯಿಯೂ ಬೇಡ, ಪುಕ್ಕಟೆ.

2021-22ರ ಲೆಕ್ಕ ಅಕ್ಟೋಬರ್ ಕೊನೆಯೊಳಗೆ ಬರಬೇಕಿತ್ತು. ಬಂದದ್ದು 2023ರ ಫೆಬ್ರವರಿ ಕೊನೆಗೆ. ತಡ ಮಾಡಿದ್ದಕ್ಕೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ನಾಲ್ಕು ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು. ಕೆಟ್ಟ ಸುದ್ದಿಯನ್ನು ನಾಲ್ಕು ತಿಂಗಳು ಮುಚ್ಚಿಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಮಾರ್ಚ್‌ನಲ್ಲಿ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟ ಎಡಿಟಿ-3 ನಮೂನೆ. ಅಲ್ಲಿಗೆ ಕಡತ ನಿಂತಿತು. 2022-23ರ ಲೆಕ್ಕ ಬರಲೇ ಇಲ್ಲ.

ಆ ತಡವಾದ ಲೆಕ್ಕದ ಟಿಪ್ಪಣಿಗಳಲ್ಲಿ ಒಂದನ್ನು ನಾನು ಎರಡು ಸಲ ಓದಿದೆ. 2021ರ ಏಪ್ರಿಲ್‌ನಿಂದ ಕಂಪನಿಗಳು ಬಾಕಿಯ ಮೊತ್ತವನ್ನಷ್ಟೇ ಅಲ್ಲದೆ ಬಾಕಿಯ ವಯಸ್ಸನ್ನೂ ತೋರಿಸಬೇಕು: ಒಂದು ವರ್ಷದೊಳಗಿನದ್ದು, ಒಂದರಿಂದ ಎರಡು, ಎರಡರಿಂದ ಮೂರು, ಅದಕ್ಕೂ ಹಳೆಯದು. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದದ್ದಕ್ಕೆ ಪ್ರತ್ಯೇಕ ಸಾಲು. ಈ ಕಂಪನಿಯ ಪಟ್ಟಿಯಲ್ಲಿ ವರ್ಷ ದಾಟಿದ ಬಾಕಿ 70 ಲಕ್ಷ. ಸಣ್ಣ ಉದ್ದಿಮೆಗಳ ಸಾಲಿನಲ್ಲಿ ಒಂದು ಗೆರೆ, ಅಂದರೆ ಏನೂ ಇಲ್ಲ. ಅಕ್ಕನ ಬಾಕಿ ಆ ವರ್ಷದ್ದಲ್ಲ ಸರಿ. ಆದರೆ ಗೋಣಿಚೀಲದವರು, ಕಟ್ಟಿಗೆಯವರು, ವೆಲ್ಡಿಂಗಿನವರು ಒಬ್ಬರೂ ಸಣ್ಣ ಉದ್ದಿಮೆಯಲ್ಲವೇ? ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಂಪನಿಗೆ ಲಭ್ಯವಿರುವ ಮಾಹಿತಿಯ ಆಧಾರದಲ್ಲಿ’ ಎಂದಿತ್ತು. ಉದ್ಯಮ್ ನಂಬರ್ ಕೇಳದಿದ್ದರೆ ಮಾಹಿತಿ ಲಭ್ಯವಾಗುವುದಿಲ್ಲ. ಲಭ್ಯವಾಗದಿದ್ದರೆ ಬಾಕಿಯೂ ಇಲ್ಲ. ಸುಳ್ಳು ಹೇಳದೆ ಸತ್ಯ ಹೇಳದಿರುವ ಈ ವಾಕ್ಯವನ್ನು ಎಷ್ಟು ಕಂಪನಿಗಳ ಲೆಕ್ಕದಲ್ಲಿ ಓದಿದ್ದೇನೋ, ಎಷ್ಟಕ್ಕೆ ನಾನೇ ಟೈಪು ಮಾಡಿಸಿದ್ದೇನೋ.

ಮತ್ತೊಂದು ಕಿಟಕಿ ಜಿಎಸ್‌ಟಿ ಜಾಲತಾಣ. ಯಾರ ಜಿಎಸ್‌ಟಿ ನಂಬರ್ ಹಾಕಿದರೂ ಅವರು ಯಾವ ತಿಂಗಳ ರಿಟರ್ನ್ ಯಾವ ದಿನ ಹಾಕಿದರು ಎಂಬ ಪಟ್ಟಿ ಬರುತ್ತದೆ. ಕಾರ್ಖಾನೆಯ 3ಬಿ, ಅಂದರೆ ತಿಂಗಳ ತೆರಿಗೆಯ ರಿಟರ್ನ್, ಡಿಸೆಂಬರಿನಿಂದ ತಪ್ಪತೊಡಗಿತ್ತು. ವರ್ಷಕ್ಕೊಮ್ಮೆ ಬರುವ ಲೆಕ್ಕಕ್ಕಿಂತ ಈ ತಿಂಗಳ ಪಟ್ಟಿ ಎಷ್ಟೋ ಚುರುಕು. ಅದಕ್ಕಿಂತಲೂ ಚುರುಕಾದದ್ದು ಇನ್ನೊಂದಿತ್ತು. ಅಕ್ಕನ ಘಟಕದಲ್ಲಿ ಅಂಟು ಹಚ್ಚುವ ಹುಡುಗಿಯ ತಂಗಿ ಆ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ತೆಗೆಯುವ ಕೆಲಸಕ್ಕಿದ್ದಳು. ಜನವರಿಯಲ್ಲೇ ಅವಳು “ನಮ್ಮ ಪಿಎಫ್ ಹಣ ಕಟ್ಟಿದ ಮೆಸೇಜು ಬರುದಿಲ್ಲ” ಎಂದಿದ್ದಳಂತೆ. ಅಕ್ಕ ಅದನ್ನು ಕೇಳಿ, ಪಾಪ ಎಂದುಕೊಂಡು, ಮರುದಿನ ಲೋಡು ಕಳಿಸಿದ್ದರು.

ಮಾಹಿತಿ ಇರಲಿಲ್ಲ ಎನ್ನುವ ಹಾಗಿಲ್ಲ, ನೋಡಿ. ಎಲ್ಲವೂ ಇತ್ತು. ತಿಂಗಳು ತಿಂಗಳು ಅಕ್ಕನ ಎದುರು ಕೂತು ಅದೇ ಕಂಪನಿಯ ಹೆಸರಿನ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ನಾನು ಒಂದು ಸಲವೂ ನೂರು ರೂಪಾಯಿ ಹಾಕಿ ನೋಡಲಿಲ್ಲ. ನನ್ನ ಕೆಲಸ ರಿಟರ್ನ್ ಹಾಕುವುದು ಅಷ್ಟೇ ಎಂದು ಹೇಳಿ ಜಾರಿಕೊಳ್ಳಬಹುದು. ಅಕ್ಕ ಹಾಗೆ ಏನೂ ಅನ್ನಲಿಲ್ಲ. “ನಿಮಗೆ ಇದೆಲ್ಲ ಮೊದಲೇ ನೋಡ್ಲಿಕ್ಕೆ ಆಗ್ತಿತ್ತಾ?” ಎಂದು ಮಾತ್ರ ಕೇಳಿದರು.

ಧಣಿಗಳ ಚಾವಡಿಯಲ್ಲಿ

ಇಷ್ಟಕ್ಕೇ ಬರೆದು ಮುಗಿಸಿದರೆ ಕಾರ್ಖಾನೆಯ ಧಣಿಗಳು ಖಳರಾಗುತ್ತಾರೆ. ನಾನು ಅವರನ್ನು ಮೊದಲಿನಿಂದ ಬಲ್ಲೆ. ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಅವರ ಮನೆಗೆ ಹೋದೆ. ಚಾವಡಿಯಲ್ಲಿ ಕೂತಿದ್ದರು, ಒಮ್ಮೆಲೇ ಹತ್ತು ವರ್ಷ ಹೆಚ್ಚಾದವರಂತೆ ಕಾಣುತ್ತಿದ್ದರು. ಅಕ್ಕನ ಹೆಸರು ಹೇಳಿದ ಕೂಡಲೇ “ಗೊತ್ತುಂಟು, ಅವರ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ” ಎಂದರು. ಕಚ್ಚಾ ಬೀಜ ದುಬಾರಿಯಲ್ಲಿ ಕೊಂಡು ತುಂಬಿಸಿಟ್ಟ ವರ್ಷವೇ ತಿರುಳಿನ ದರ ಕುಸಿಯಿತು, ಮಿಕ್ಕದ್ದು ನಿಮಗೆ ತಿಳಿದದ್ದೇ ಎಂದರು. ಪಶ್ಚಿಮ ಆಫ್ರಿಕಾದ ಬೀಜ ಮುಂಗಡ ಕೊಂಡು, ಬ್ಯಾಂಕಿನ ಸಾಲದಲ್ಲಿ ಗೋದಾಮು ತುಂಬಿಸಿ, ಆರು ತಿಂಗಳ ಮೇಲಿನ ದರವನ್ನು ನಂಬಿ ಕೂರುವ ಈ ವ್ಯಾಪಾರದಲ್ಲಿ ಅದು ಹೊಸತಲ್ಲ.

ಲೆಕ್ಕ ಬಹಿರಂಗಪಡಿಸುವ ವಿಷಯ ತೆಗೆದಾಗ ಮಾತ್ರ ಧ್ವನಿ ಏರಿತು.

“ಮಾರಾಯ್ರೆ, ನಮ್ಮದು ಇನ್ನು ಎಂತ ಉಂಟು ತೋರಿಸ್ಲಿಕ್ಕೆ? ಒಳ್ಳೆ ಕಾಲದಲ್ಲೂ ಎಲ್ಲ ತೋರಿಸಿದ್ದೇವಲ್ಲ. ಮುಂಬೈಯ ಪಾರ್ಟಿ ನೂರು ರೂಪಾಯಿ ಹಾಕಿ ನನ್ನ ಲಾಭ-ನಷ್ಟ ತೆಗೆದ. ಮರುದಿನ ಫೋನು. ನಿಮಗೆ ಇಷ್ಟು ಮಾರ್ಜಿನ್ ಉಂಟಲ್ಲ, ಕಿಲೋಕ್ಕೆ ಹನ್ನೆರಡು ರೂಪಾಯಿ ಇಳಿಸಿ ಅಂತ. ಎಂತ ಹೇಳುದು? ನನ್ನ ಪಕ್ಕದ ಫ್ಯಾಕ್ಟರಿಯವರು ನನ್ನ ಮೂರು ಪಟ್ಟು ದೊಡ್ಡವರು. ಅವರದ್ದು ಪಾಲುದಾರಿಕೆ. ಅವರ ಒಂದು ಕಾಗದ ಯಾರಿಗಾದ್ರೂ ಸಿಗ್ತದಾ?”

ಸಿಗುವುದಿಲ್ಲ. ಅವರು ಹೇಳಿದ್ದು ನಿಜ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿಯೇ ಕಡ್ಡಾಯವಿಲ್ಲ, ಲೆಕ್ಕ ಸಲ್ಲಿಸುವ ಮಾತು ಎಲ್ಲಿ ಬಂತು. ಕರಾವಳಿಯ ಗೇರುಬೀಜ, ಮೀನು, ಹೋಟೆಲು, ಚಿನ್ನ, ಬಟ್ಟೆಯ ವ್ಯವಹಾರಗಳಲ್ಲಿ ದೊಡ್ಡ ದೊಡ್ಡವು ಇಂದಿಗೂ ಪಾಲುದಾರಿಕೆಗಳೇ. ನೂರಾರು ಜನರಿಗೆ ಕೆಲಸ ಕೊಡುವ ಸಂಸ್ಥೆಯ ಲೆಕ್ಕ ಕತ್ತಲಲ್ಲಿ, ಗಂಡ ಹೆಂಡತಿ ಇಬ್ಬರೇ ನಿರ್ದೇಶಕರಾದ ಒಂದು ಲಕ್ಷ ಬಂಡವಾಳದ ಕಂಪನಿಯ ಲೆಕ್ಕ ಬೆಳಕಿನಲ್ಲಿ. ಗಾತ್ರ ನೋಡಿದರೆ ಇದಕ್ಕೆ ತಲೆಬುಡವಿಲ್ಲ. ಆದರೆ ಹೊಣೆ ನೋಡಿದರೆ ಇದೆ: ಪಾಲುದಾರಿಕೆ ಮುಳುಗಿದರೆ ಸಾಲ ಕೊಟ್ಟವನು ಪಾಲುದಾರನ ಮನೆ, ತೋಟ, ಹೆಂಡತಿಯ ಹೆಸರಲ್ಲಿಲ್ಲದ ಎಲ್ಲದರ ಮೇಲೂ ಹೋಗಬಹುದು. ಕಂಪನಿ ಆ ಬಾಗಿಲು ಮುಚ್ಚುತ್ತದೆ, ಬದಲಿಗೆ ಕಿಟಕಿ ತೆರೆದಿಡು ಎನ್ನುತ್ತದೆ. ಬ್ರಿಟನ್ನಿನಲ್ಲೂ ಕುಟುಂಬದ ಸಣ್ಣ ಕಂಪನಿಗಳಿಗೆ ಲೆಕ್ಕ ಸಲ್ಲಿಸುವುದರಿಂದ ವಿನಾಯಿತಿ ಇತ್ತು. 1967ರಲ್ಲಿ ಅದನ್ನು ತೆಗೆದರು, 2015ರಿಂದ ಅಲ್ಲಿನ ಕಡತಗಳು ಪುಕ್ಕಟೆ ಸಿಗುತ್ತವೆ. ಅಮೆರಿಕದಲ್ಲಿ ಇವತ್ತಿಗೂ ಷೇರುಪೇಟೆಗೆ ಬಾರದ ಸಾಮಾನ್ಯ ಕಂಪನಿ ತನ್ನ ಲೆಕ್ಕವನ್ನು ಊರಿಗೆ ತೋರಿಸಬೇಕಾಗಿಲ್ಲ. ಲೋಕದಲ್ಲಿ ಎರಡೂ ರೀತಿ ನಡೆಯುತ್ತಿದೆ.

ಧಣಿಗಳ ಇನ್ನೊಂದು ವಾದ ಹೆಚ್ಚು ಗಟ್ಟಿ. “ನವೆಂಬರಿನಲ್ಲೇ ಎಲ್ಲರಿಗೂ ಗೊತ್ತಾಗಿದ್ರೆ ಆವಾಗ್ಲೇ ಎಲ್ಲರೂ ಮಾಲು ನಿಲ್ಲಿಸ್ತಿದ್ರು. ಆ ತಿಂಗಳೇ ಬೀಗ. ನೂರ ಎಂಬತ್ತು ಹೆಂಗಸರು ಮನೆಗೆ. ಎಂಟು ತಿಂಗಳು ಎಳೆದೆ ನಾನು, ದರ ಏರಿದ್ರೆ ಎಲ್ಲರದ್ದೂ ಕೊಡ್ತಿದ್ದೆ.”

ಕೊಡುತ್ತಿದ್ದರು ಎಂದು ನನಗೂ ಅನಿಸುತ್ತದೆ. ಆದರೆ ಆ ಎಂಟು ತಿಂಗಳು ಕಾರ್ಖಾನೆ ಓಡಿದ್ದು ಯಾರ ಹಣದಲ್ಲಿ? ದರ ಏರೀತು ಎಂಬ ಜೂಜಿನಲ್ಲಿ ಅಕ್ಕನೂ ಪಾಲುದಾರಳಾಗಿದ್ದಳು. ಗೆದ್ದರೆ ಅವಳಿಗೆ ಬರುವುದು ಅವಳದೇ ಅಸಲು, ಸೋತರೆ ಅದೂ ಇಲ್ಲ. ಅವಳನ್ನು ಕೂರಿಸಿ ಕೇಳಿದ್ದರೆ ಹೂಂ ಎನ್ನುತ್ತಿದ್ದಳೋ ಏನೋ, ಕೇಳಲಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ಅಂಗಳದ ಕಡೆ ನೋಡುತ್ತಾ ಕೂತರು. ಒಳಗಿನಿಂದ ಚಾ ಬಂತು.

ಬ್ಯಾಂಕನ್ನು ಮಾತ್ರ ಅವರು ಹಾಗೆ ಕತ್ತಲಲ್ಲಿಟ್ಟಿರಲಿಲ್ಲ, ಇಡಲು ಸಾಧ್ಯವೂ ಇರಲಿಲ್ಲ. ತಿಂಗಳು ತಿಂಗಳು ದಾಸ್ತಾನಿನ ಪಟ್ಟಿ ಹೋಗುತ್ತಿತ್ತು. ಬ್ಯಾಂಕಿನವರು ಗೋದಾಮಿಗೆ ಬಂದು ಚೀಲ ಎಣಿಸುತ್ತಿದ್ದರು. ಮೇಲೆ ಧಣಿಗಳ ಸ್ವಂತ ಜಾಮೀನು, ಈಗ ನಾವು ಕೂತಿದ್ದ ಮನೆಯನ್ನೂ ಸೇರಿಸಿ. ಅಂದರೆ ಬ್ಯಾಂಕಿನ ಮಟ್ಟಿಗೆ ಆ ಕಂಪನಿ ‘ಲಿಮಿಟೆಡ್’ ಆಗಿರಲೇ ಇಲ್ಲ. ಲಿಮಿಟೆಡ್ ಆದದ್ದು ಪೆಟ್ಟಿಗೆಯ ಅಕ್ಕನಿಗೆ, ಗೋಣಿಯವನಿಗೆ, ಸಿಪ್ಪೆ ತೆಗೆಯುವವರಿಗೆ. ಕೇಳಿ ಪಡೆಯುವ ತಾಕತ್ತು ಇದ್ದವರಿಗೆ ಸಾರ್ವಜನಿಕ ಕಡತದ ಹಂಗಿಲ್ಲ. ಲೆಕ್ಕವನ್ನು ಊರಿಗೆ ತೋರಿಸಬೇಕೇ ಎಂಬ ಪ್ರಶ್ನೆ ಹುಟ್ಟುವುದು ಗೇಟಿನ ಒಳಗೆ ಹೋಗಿ ಕೇಳಲಾಗದವರಿಂದ ಮಾತ್ರ.

ಏನನ್ನು ತೋರಿಸಬೇಕು

ಧಣಿಗಳ ಮುಂಬೈ ಕಥೆ ಕೇಳಿದ ಮೇಲೆ ಹಳೆಯ ಕಾಯ್ದೆ ನೆನಪಾಯಿತು. 1956ರ ಕಂಪನಿ ಕಾಯ್ದೆಯ 220ನೇ ಕಲಮಿನಲ್ಲಿ ಖಾಸಗಿ ಕಂಪನಿ ಆಸ್ತಿ-ಹೊಣೆ ಪಟ್ಟಿಯನ್ನೂ ಲಾಭ-ನಷ್ಟದ ಲೆಕ್ಕವನ್ನೂ ಬೇರೆಬೇರೆಯಾಗಿ ಸಲ್ಲಿಸುತ್ತಿತ್ತು. ಮೊದಲನೆಯದು ಯಾರಿಗಾದರೂ ಕಾಣುತ್ತಿತ್ತು, ಎರಡನೆಯದು ಸದಸ್ಯರಿಗೆ ಮಾತ್ರ. 2013ರ ಕಾಯ್ದೆಯಲ್ಲಿ ಆ ಪರದೆ ಇಲ್ಲ. ಪಾರದರ್ಶಕತೆ ಹೆಚ್ಚಿತು ಎಂದು ಆಗ ನಾನೂ ಖುಷಿಪಟ್ಟಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ. ಕಿಲೋಕ್ಕೆ ಎಷ್ಟು ಉಳಿಯುತ್ತದೆ ಎಂಬುದು ಅಕ್ಕನಿಗೆ ಬೇಕಾದ ಸಂಗತಿಯಲ್ಲ. ಅದು ಬೇಕಾದದ್ದು ದರ ಮುರಿಯಲು ಕೂತ ದೊಡ್ಡ ಗಿರಾಕಿಗೆ, ಪೈಪೋಟಿಗೆ, ಮತ್ತು ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಪಾಲು ಕೇಳುವ ದಾಯಾದಿಗೆ. ಅಕ್ಕನಿಗೆ ಬೇಕಾದದ್ದು ಒಂದೇ: ಇವರು ನನ್ನಂಥವರಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತಿದ್ದಾರೆ? ಈಗಿನ ವ್ಯವಸ್ಥೆ ಮೊದಲನೆಯದನ್ನು ಪೂರ್ತಿ ತೋರಿಸಿ, ಎರಡನೆಯದನ್ನು ವರ್ಷಕ್ಕೊಮ್ಮೆ, ಏಳರಿಂದ ಹನ್ನೊಂದು ತಿಂಗಳು ತಡವಾಗಿ, ಟಿಪ್ಪಣಿಯ ಒಳಗೆ ಹೂತಿಡುತ್ತದೆ.

ಇದು ಆಗದ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ 2017ರಿಂದ ದೊಡ್ಡ ಕಂಪನಿಗಳು ಆರು ತಿಂಗಳಿಗೊಮ್ಮೆ ಸರಬರಾಜುದಾರರಿಗೆ ಸರಾಸರಿ ಎಷ್ಟು ದಿನದಲ್ಲಿ ಹಣ ಕೊಟ್ಟೆವು, ಎಷ್ಟು ಬಿಲ್ಲು ತಡವಾಯಿತು ಎಂದು ಸರ್ಕಾರದ ಜಾಲತಾಣದಲ್ಲಿ ಹಾಕಬೇಕು. ಆಸ್ಟ್ರೇಲಿಯಾದಲ್ಲಿ 2021ರಿಂದ ಇದೇ ತರಹದ ಪದ್ಧತಿ. ನಮ್ಮಲ್ಲೂ ಬೀಜ ಇದೆ: ಕಿರು, ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಕೊಡಬೇಕು ಎನ್ನುತ್ತದೆ, ಅದನ್ನು ಮೀರಿದ ಬಾಕಿ ಇದ್ದರೆ ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ-1 ಎಂಬ ನಮೂನೆ ತುಂಬಬೇಕೆಂದು 2019ರಲ್ಲಿ ಆದೇಶವಾಗಿದೆ. ಕಂಪನಿಯ ಹೆಸರು ಹುಡುಕಿದ ಕೂಡಲೇ ಮೊದಲ ಪುಟದಲ್ಲಿ ಬಂಡವಾಳ, ವಿಳಾಸ, ನಿರ್ದೇಶಕರ ಹೆಸರು ಬರುತ್ತವಲ್ಲ, ಅಲ್ಲೇ ಒಂದು ಸಾಲು, ‘45 ದಿನ ಮೀರಿದ ಬಾಕಿ ಇಷ್ಟು’ ಎಂದು ಬರಲಿ. ಗ್ರಾನೈಟಿನ ಬೋರ್ಡಿನ ಪಕ್ಕ ಇನ್ನೊಂದು ಬೋರ್ಡು. ಮಾರ್ಜಿನ್ನನ್ನು ಬೇಕಾದರೆ ಮುಚ್ಚಿಕೊಳ್ಳಲಿ.

ತೋರಿಸಿದ ಮಾತ್ರಕ್ಕೆ ಸತ್ಯ ಬರುತ್ತದೆಂದು ನಂಬುವಷ್ಟು ಎಳೆಯನಲ್ಲ ನಾನು. ಕರಾವಳಿಯಲ್ಲಿ ಕಂಪನಿ ಲೆಕ್ಕದ ಮಾತು ತೆಗೆದರೆ ಅದು 2019ರ ಜುಲೈಯಲ್ಲಿ ಕಾಫಿ ಡೇಯ ಸ್ಥಾಪಕ ಸಿದ್ಧಾರ್ಥ ಕಣ್ಮರೆಯಾದ ನೇತ್ರಾವತಿ ಸೇತುವೆಗೆ ಹೋಗದೆ ನಿಲ್ಲುವುದಿಲ್ಲ. ಕಾಫಿ ಡೇ ಎಂಟರ್‌ಪ್ರೈಸಸ್ ಷೇರುಪೇಟೆಯ ಕಂಪನಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸುತ್ತಿತ್ತು. ಮರುವರ್ಷ ಹೊರಬಂದ ತನಿಖಾ ವರದಿಯ ಪ್ರಕಾರ ಅದರ ಅಂಗಸಂಸ್ಥೆಗಳಿಗೆ, ಪ್ರವರ್ತಕರ ಖಾಸಗಿ ಒಡೆತನದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ 3,535 ಕೋಟಿ ಬರಬೇಕಿತ್ತು. 2019ರ ಮಾರ್ಚ್ ಕೊನೆಯ ಲೆಕ್ಕದಲ್ಲಿ ಕಂಡದ್ದು 842 ಕೋಟಿ. ತೆರೆದ ಕಂಪನಿಯ ಲೆಕ್ಕ ಓದಿದವರಿಗೂ ಪಕ್ಕದ ಮುಚ್ಚಿದ ಕೋಣೆಯೊಳಗೆ ಎಷ್ಟು ಹೋಗಿದೆ ಎಂದು ತಿಳಿಯಲಿಲ್ಲ.

ಆಮೇಲೆ ಆದದ್ದು

ಅಕ್ಕನ ಹಣಕ್ಕಾಗಿ ನಾವು ಹಿಡಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ದಿವಾಳಿ ಕಾಯ್ದೆಯಡಿ ಕಂಪನಿಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿಗೆ ಹೋಗೋಣವೆಂದರೆ 2020ರ ಮಾರ್ಚ್‌ನಲ್ಲಿ ಕನಿಷ್ಠ ಬಾಕಿಯ ಮಿತಿಯನ್ನು ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಿಬಿಟ್ಟಿದ್ದಾರೆ. ಉಳಿದದ್ದು ಎಂಎಸ್‌ಎಂಇ ಕಾಯ್ದೆಯಡಿ ಬಾಕಿಯ ತಕರಾರು ಕೇಳುವ ಕೌನ್ಸಿಲ್. ಸಮಾಧಾನ್ ಜಾಲತಾಣದಲ್ಲಿ ಅರ್ಜಿ ಹಾಕಿದೆವು. ಕಾಗದದ ಮೇಲೆ ಆ ಕಾಯ್ದೆ ಸಿಂಹ: ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರಲ್ಲಿ ಆ ದರ 6.75, ಅಂದರೆ ಬಡ್ಡಿ 20.25 ಶೇಕಡಾ. ತೀರ್ಪು ಅಕ್ಕನ ಪರವಾಗಿಯೇ ಬಂತು. ವಸೂಲಿಗೆ ಹೊರಟರೆ ಆಸ್ತಿಯೆಲ್ಲ ಬ್ಯಾಂಕಿನ ಅಡವಿನಲ್ಲಿ. ಅಡವಿಟ್ಟುಕೊಂಡ ಬ್ಯಾಂಕಿನ ಹಕ್ಕೇ ಮೇಲು, ಎಂಎಸ್‌ಎಂಇ ಕಾಯ್ದೆ ಸರ್ಫೇಸಿಯನ್ನು ಮೀರುವುದಿಲ್ಲ ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಆ ಪ್ರಕರಣದಲ್ಲಿ ಸೋತವರ ಹೆಸರು ಗಿರ್ನಾರ್ ಕೊರುಗೇಟರ್ಸ್. ಅಲ್ಲೂ ಹೆಸರಿನಲ್ಲೇ ರಟ್ಟು. ಅಕ್ಕನಿಗೆ ಹೇಳಿದಾಗ ಆ ದಿನ ಮೊದಲ ಸಲ ನಕ್ಕರು.

ಕಾರ್ಖಾನೆ ಹರಾಜಾಯಿತು. ಬಂದ ಹಣ ಬ್ಯಾಂಕಿನ ಬಾಕಿಗೇ ಸಾಲಲಿಲ್ಲ. ಇಷ್ಟರವರೆಗೆ ಅಕ್ಕನ ಕೈಗೆ ಬಂದದ್ದು ಒಂದೂವರೆ ಲಕ್ಷ, ಅದೂ ಯಾವ ಆದೇಶದಿಂದಲೂ ಅಲ್ಲ. ಧಣಿಗಳು ಅಡಿಕೆ ಮಾರಿದಾಗ ಐದು, ಹತ್ತು ಸಾವಿರದಂತೆ ಮಗನ ಕೈಯಲ್ಲಿ ಕಳಿಸಿದ್ದು. ಕಾನೂನಿನ ಪ್ರಕಾರ ಅದನ್ನು ಅವರು ಕೊಡಬೇಕಾಗಿರಲಿಲ್ಲ.

ಈಗ ಹೊಸ ಗಿರಾಕಿ ಬಂದರೆ ಅಕ್ಕ ಜಿಎಸ್‌ಟಿ ನಂಬರನ್ನು ನನಗೆ ವಾಟ್ಸಾಪ್ ಮಾಡುತ್ತಾರೆ. “ಆ ನೂರು ರೂಪಾಯಿದ್ದು ಒಮ್ಮೆ ನೋಡಿ ಸರ್.” ಇಲ್ಲಿಯವರೆಗೆ ಹದಿಮೂರು ಕಂಪನಿ ನೋಡಿದ್ದೇವೆ, ಮೂರಕ್ಕೆ ಉದ್ದರಿ ಬೇಡ ಎಂದಿದ್ದೇನೆ. ಅದರಲ್ಲಿ ಒಂದು ಈಗಲೂ ಚೆನ್ನಾಗಿ ನಡೆಯುತ್ತಿದೆ. ಆ ವ್ಯಾಪಾರ ಬೇರೆಯವರಿಗೆ ಹೋಯಿತೆಂದು ಅಕ್ಕ ಆಗಾಗ ನೆನಪಿಸುತ್ತಾರೆ.

ಕಳೆದ ತಿಂಗಳು ಬಂದಾಗ ಮಾತು ಬೇರೆಯಿತ್ತು. ಹೊಸ ಯಂತ್ರ ಹಾಕಬೇಕೆಂದಿದ್ದಾರೆ, ಮಗ ಓದು ಮುಗಿಸಿ ಬಂದಿದ್ದಾನೆ. ಕಂಪನಿ ಮಾಡಿಕೊಳ್ಳೋಣ, ಪ್ರೈವೇಟ್ ಲಿಮಿಟೆಡ್ ಎಂದು ಅವನ ಹಟ. ನಾನು ಖರ್ಚು, ನಮೂನೆಗಳು, ವರ್ಷವರ್ಷದ ಆಡಿಟ್ ಎಲ್ಲ ವಿವರಿಸಿದೆ. ಅಕ್ಕ ಕೇಳಿಸಿಕೊಂಡು, ಹೊರಡುವಾಗ ಬಾಗಿಲಲ್ಲಿ ನಿಂತರು.

“ಹಾಗಾದ್ರೆ ನಮ್ಮ ಲೆಕ್ಕವೂ ನೂರು ರೂಪಾಯಿಗೆ ಯಾರಿಗೂ ಸಿಗ್ತದಾ ಸರ್?”

“ಸಿಗ್ತದೆ ಅಕ್ಕ.”

“ಅಂಟು, ಕಾಗದದವರಿಗೆ ನಾವು ಕೊಡ್ಲಿಕ್ಕೆ ಇರುವುದೂ?”

“ಅದೂ.”

ಸ್ವಲ್ಪ ಹೊತ್ತು ಚಪ್ಪಲಿ ಹುಡುಕಿದರು. “ಮಗನ ಹತ್ರ ಮಾತಾಡಿ ಹೇಳ್ತೇನೆ,” ಎಂದು ಹೋದರು. ಇನ್ನೂ ಹೇಳಿಲ್ಲ.